ಕೇಳದೇ ಕಟ್ಟಿದ ಫೀಜು

"ಯಾರನ್ನ ಕೇಳಿ ರೊಕ್ಕಾ ಕಟ್ಟೀರಿ?"

ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಯ ಮುಂದೆ, ಮೆಣಸಿನಕಾಯಿ ರಾಶಿಗಳ ನಡುವೆ ನಿಂತು ದಿಲನಾಜ ಕೂಗಿದ ಕೂಗಿಗೆ ಚೀಲ ಹೊತ್ತ ಹಮಾಲರು ಹೊತ್ತಂತೆಯೇ ನಿಂತರು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ. ಹಾಗೆ ಅನ್ನುವವರು ದಿಲನಾಜಳನ್ನು ನೋಡಿರಲಿಕ್ಕಿಲ್ಲ!

ಫಿರೋಜ್ ಒಂದು ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿದ್ದ. ಮೇಲಿನ ಕಾಯಿ ನೋಡಿ ದರ ಹೇಳುವವನಲ್ಲ ಅವನು. ತಳದ ಕಾಯಿ ತೆಗೆದು, ಮುರಿದು, ಮೂಸಿ ಆಮೇಲೆ ಬಾಯಿ ಬಿಡುವವನು. ಇಡೀ ಮಾರುಕಟ್ಟೆಯಲ್ಲಿ ಅವನಿಗೆ ಅದರಿಂದಲೇ ಹೆಸರು.

ಮದುವೆ ಗೊತ್ತಾದ ಹುಡುಗಿ ಎದುರಿಗೆ ಬಂದು ನಿಂತದ್ದು ಇದೇ ಮೊದಲು. ಎರಡು ತಿಂಗಳ ಹಿಂದೆ ಹಿರಿಯರು ಸಕ್ಕರೆ ಹಂಚಿ ಮಾತು ಮುಗಿಸಿದಾಗ ಅವಳು ಒಳಮನೆಯಲ್ಲಿದ್ದಳು, ಇವನು ಪಡಸಾಲೆಯಲ್ಲಿದ್ದ. ಮೊದಲ ಮಾತು ಹೇಗಿರುತ್ತದೋ ಎಂದು ಎಷ್ಟು ಸಲ ನೆನೆಸಿಕೊಂಡಿದ್ದನೋ ಪಾಪ... ಹೀಗಂತೂ ಅಲ್ಲ!

"ನಿಮ್ಮ ಅಬ್ಬಾಗ ಕೇಳಿದ್ನಲ್ರಿ..." ಅಂದ.

"ಕಾಲೇಜಿಗೆ ಅಬ್ಬಾ ಹೋಗ್ತಾರೇನು? ಹೋಗಾಕಿ ನಾನು!"

ಅವಳು ಒಂದು ರಸೀದಿಯನ್ನು ಅವನ ಮುಖಕ್ಕೆ ಹಿಡಿದಳು. ರಾಣೇಬೆನ್ನೂರಿನ ಯಾವುದೋ ನರ್ಸಿಂಗ್ ಸಂಸ್ಥೆಯದು. ಮೂವತ್ತು ಸಾವಿರ ಮುಂಗಡ. ಒಂದು ವರ್ಷದ ಅಸಿಸ್ಟೆಂಟ್ ಕೋರ್ಸು.

"ಸೀಟು ನಾಲ್ಕೇ ಉಳಿದಾವು ಅಂದ್ರು. ಚಲೋ ಮಾಲು ಕಂಡ್ರ ಮೊದಲ ಸಂಚಕಾರ ಕೊಟ್ಟ ಹಿಡೀಬೇಕು, ಇಲ್ಲಾಂದ್ರ ಬ್ಯಾರೇದವ್ರು ಒಯ್ತಾರ... ಅದಕ್ಕ..."

"ನಾ ಏನ್ ಮೆಣಸಿನಕಾಯಿ ಚೀಲ ಏನ್ರಿ, ಸಂಚಕಾರ ಕೊಟ್ಟ ಹಿಡಿಯಾಕ?"

ಹಮಾಲರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಫಿರೋಜ್‌ನ ಮುಖ ಅವನ ಮುಂದಿದ್ದ ರಾಶಿಗಿಂತ ಕೆಂಪಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಗಂಡಸರು ಕೂಸಿರಲಿ, ಅದರ ತಾಯಿಯನ್ನೂ ಒಂದು ಮಾತು ಕೇಳುವುದಿಲ್ಲ ನೋಡಿ!

"ನನಗ ಹಾವೇರ್‍ಯಾಗ ಬಿಎಸ್ಸಿ ನರ್ಸಿಂಗ್ ಸೀಟು ಸಿಕ್ಕೈತಿ. ಸರಕಾರಿ ಕೋಟಾದಾಗ. ನಾಲ್ಕ ವರ್ಷದ್ದು." ದಿಲನಾಜ ಒಂದು ಹೆಜ್ಜೆ ಮುಂದೆ ಬಂದಳು. "ಅಮ್ಮಿ ಆರು ವರ್ಷ ಕಾಯಿ ತೊಟ್ಟು ಬಿಡಿಸಿದ ರೊಕ್ಕಾ ಕಟ್ಟಿ ಬಂದೇನಿ. ರಜಾ ಬಂದಾಗೆಲ್ಲಾ ಆಕಿ ಬಾಜೂಕ ಕುಂತು ನಾನೂ ಬಿಡಿಸೇನಿ. ಇವತ್ತ ಸಂಜೀ ನಾಲ್ಕರ ಒಳಗ ಅಸಲು ಮಾರ್ಕ್ಸ್ ಕಾರ್ಡ್ ತೋರಿಸ್ಬೇಕು. ಟ್ರಂಕ್ ತೆಗದ್ರ ಕಾರ್ಡ್ ಇಲ್ಲ, ಈ ಚೀಟಿ ಐತಿ!"

ಫಿರೋಜ್‌ನ ಕೈಯಿಂದ ಕಾಯಿ ಉದುರಿತು. ಅಸಲು ಕಾರ್ಡು... ಅದನ್ನು ಅವಳ ತಂದೆ ಶಮಶೇರಸಾಬರಿಂದ ಇಸಿದುಕೊಂಡು, ಕಳೆದ ವಾರ ಆ ಸಂಸ್ಥೆಗೆ ತಾನೇ ಒಯ್ದು ಕೊಟ್ಟಿದ್ದ.

"ಒಂದ ವರ್ಷದ್ದು ಯಾಕ ಆರಿಸಿದ್ರಿ ಅಂತ ನನಗ ಗೊತ್ತೈತಿ," ಅಂದಳು ದಿಲನಾಜ ಹಲ್ಲು ಕಡಿಯುತ್ತಾ. "ಲಗೂ ಮುಗಿಸ್ಬೇಕು, ಲಗೂ ನಿಕಾ ಆಗ್ಬೇಕು, ಲಗೂ ನಿಮ್ಮ ಮನ್ಯಾಗ ರೊಟ್ಟಿ ಬಡೀಬೇಕು! ಹೌದಲ್ಲ?"

ಅವನು ಅಲ್ಲ ಅನ್ನಲಿಲ್ಲ. ಬಗ್ಗಿ, ಉದುರಿದ ಕಾಯಿ ಎತ್ತಿಕೊಂಡ. 'ಅಂದ್ರ ಖರೇನ... ಯಾ ಅಲ್ಲಾ, ಇವನ ಜೋಡಿ ಜೀವನ ಮಾಡಬೇಕಾ ನಾನು?'

"ಬೈಕ್ ತರ್ತೇನಿ. ಬರ್ರಿ, ಹೋಗಿ ಇಸಗೊಂಡ ಬರೂಣು."

"ನಿನ್ನ ಬೈಕ್ ನೀ ಇಟ್ಕೋ!"

'ನೀವು' ಹೋಗಿ 'ನೀ' ಬಂದಿತ್ತು. ಅವಳು ಬಸ್ ಹತ್ತಿದಳು. ಕಿಟಕಿಯಾಚೆ ಅವನ ಬೈಕು ರಾಣೇಬೆನ್ನೂರಿನವರೆಗೂ ಬಸ್ಸಿನ ಹಿಂದೆಯೇ ಬಂತು. ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ... ಸರಿ, ಎರಡು ಸಲ ನೋಡಿದಳು. ಸಿಟ್ಟಿನಿಂದಲೇ!

ಸಂಸ್ಥೆಯ ಕಚೇರಿ ಒಂದು ಬಟ್ಟೆ ಅಂಗಡಿಯ ಮಾಳಿಗೆ ಮೇಲಿತ್ತು. ಗೋಡೆ ತುಂಬ ಬಿಳಿ ಸಮವಸ್ತ್ರದ ನಗುಮುಖಗಳ ಚಿತ್ರಗಳು. ಫೀಜು ಕಟ್ಟಲು ಬಂದವರು ಕುರ್ಚಿ ಹಿಡಿದು ಕೂತಿದ್ದರು.

ಡೈರೆಕ್ಟರ್ ಸಾಹೇಬರು ಮುಗುಳ್ನಕ್ಕರು. "ಕಾರ್ಡ್ ಕೊಡ್ತೇವಲ್ಲವ್ವಾ. ಪೂರ್ತಿ ಫೀಜು ತೊಂಬತ್ತು ಸಾವಿರ ಕಟ್ಟಿ ಒಯ್ರಿ. ನಮ್ಮ ನಿಯಮ ಐತಿ."

"ನಾ ಇಲ್ಲಿ ಕಲಿಯಾಂಗಿಲ್ಲ ಅಂದೆ. ಕಲೀಲಾರದ್ದಕ್ಕ ಎಂಥಾ ಫೀಜು?"

"ಸೀಟು ಹಾಳಾತಲ್ಲ! ನೀವು ಹುಡುಗ್ಯಾರು ಇವತ್ತ ಒಂದಂತೀರಿ, ನಾಳೆ ಒಂದಂತೀರಿ. ಮನ್ಯಾಗ ಹಿರೇರನ್ನ ಕಳಸ್ರಿ, ಮಾತಾಡ್ತೇನಿ."

ದಿಲನಾಜಳಿಗೆ ನೆತ್ತಿಯವರೆಗೆ ಉರಿ ಹತ್ತಿತು. ಗಡಿಯಾರ ಎರಡು ಹೊಡೆಯುತ್ತಿತ್ತು. ಅಳು ಬರುವಂತಿತ್ತು. ಅತ್ತರೆ ಈ ಮನುಷ್ಯ ಗೆದ್ದ ಹಾಗೆ! ಅವಳು ಬಾಗಿಲಲ್ಲಿ ನಿಂತಿದ್ದ ಫಿರೋಜ್‌ನತ್ತ ತಿರುಗಿದಳು.

"ದಿನಾ ನೂರು ಚೀಲದ ತಳಾ ನೋಡಾಂವ ನೀನು. ಇಲ್ಲಿ ತಳಾ ನೋಡಿದ್ದೇನು?"

ಫಿರೋಜ್ ತಲೆ ತಗ್ಗಿಸಿದ. "ಇಲ್ಲ. ಗ್ವಾಡಿ ಮ್ಯಾಲಿನ ಫೋಟೊ ನೋಡಿದೆ."

"ಹಂಗಾರ ಈಗ ನೋಡು."

ಅವಳು ಸೀದಾ ಒಳಗಿನ ಬಾಗಿಲು ನೂಕಿದಳು. ಒಂದು ಮಂಚ. ಮಂಚದ ಮೇಲೆ ಒಂದು ಕೈ ಮುರಿದ ಗೊಂಬೆ. ಗೊಂಬೆಯ ಸುತ್ತ ಇಪ್ಪತ್ತು ಹುಡುಗಿಯರು.

"ಆಸ್ಪತ್ರಿಗೆ ಎಷ್ಟ ಸಲ ಕರಕೊಂಡ ಹೋಗ್ಯಾರವಾ ನಿಮ್ಮನ್ನ?"

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇನ್ನೂ ಇಲ್ರಿ ಅಕ್ಕಾ... ಎಂಟ ತಿಂಗಳಾತು," ಅಂದಳು ಒಬ್ಬಳು.

ದಿಲನಾಜ ಹೊರಗೆ ಬಂದು ಎಲ್ಲರಿಗೂ ಕೇಳುವಂತೆ ಅಂದಳು: "ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಪತ್ರ ತೋರಿಸ್ರಿ. ಬ್ಯಾರೇ ಏನೂ ಬ್ಯಾಡ."

"ಅದು... ಹೆಡ್ ಆಫೀಸ್‌ನ್ಯಾಗ ಐತಿ."

"ಹೆಡ್ ಆಫೀಸ್ ಎಲ್ಲೈತಿ?"

ಸಾಹೇಬರು ಮೇಜಿನ ಮೇಲಿನ ಕಾಗದ ತಿರುವತೊಡಗಿದರು. ಹಲಗೇರಿಯಿಂದ ಮಗಳನ್ನು ಸೇರಿಸಲು ಬಂದಿದ್ದ ಪ್ರೇಮವ್ವ ಅನ್ನುವ ಹೆಂಗಸು, ಆಗಲೇ ಬಿಚ್ಚಿದ್ದ ಹಣದ ಗಂಟನ್ನು ಮತ್ತೆ ಬಿಗಿದು ಸೆರಗಿಗೆ ಸಿಕ್ಕಿಸಿಕೊಂಡಳು. "ನಡಿಯವಾ," ಅಂದಳು ಮಗಳಿಗೆ. ಅವಳ ಹಿಂದೆ ಇನ್ನಿಬ್ಬರು ಎದ್ದರು.

ಸಾಹೇಬರ ನಗು ಎತ್ತಲೋ ಹೋಗಿತ್ತು. ಕಪಾಟು ತೆಗೆದು ಕಾರ್ಡು ಹಿಡಿದರು. "ಒಯ್ರಿ! ಆದ್ರ ಕಟ್ಟಿದ ಮೂವತ್ತು ಸಾವಿರ ಕೇಳಾಂಗಿಲ್ಲ. ರಸೀದಿ ಇಲ್ಲೇ ಕೊಡ್ರಿ. ರೊಕ್ಕಾ ಬೇಕಂದ್ರ ಕಾರ್ಡ್ ಇಲ್ಲ."

"ಅದೆಂಗ ಕೇಳಾಂಗಿಲ್ಲ?" ದಿಲನಾಜ ಸೆಟೆದು ನಿಂತಳು. "ಎರಡೂ ಬೇಕು!"

"ಕಾರ್ಡ್ ಕೊಡ್ರಿ," ಅಂದ ಫಿರೋಜ್. ಅವಳ ಕೈಯಿಂದ ರಸೀದಿ ತೆಗೆದು ಮೇಜಿನ ಮೇಲಿಟ್ಟ. ಈಗ ಅವನ ಧ್ವನಿಯಲ್ಲೂ ಸಿಟ್ಟಿತ್ತು. "ಈ ರೊಕ್ಕಾ ನಿಮಗ ದಕ್ಕಾಂಗಿಲ್ಲ ಸಾಹೇಬ್ರ. ನಾಳೆ ಮತ್ತ ಬರ್ತೇನಿ, ಒಬ್ಬನ ಬರಾಂಗಿಲ್ಲ. ಇವತ್ತ ಆಕಿಗೆ ಟೈಮ್ ಇಲ್ಲ."

ಮೆಟ್ಟಿಲಿಳಿಯುವಾಗ ದಿಲನಾಜ ಕಿಡಿಕಿಡಿಯಾದಳು. "ಯಾಕ ಬಿಟ್ಟಿ? ನಿನ್ನ ಎರಡು ವರ್ಷದ ಉಳಿತಾಯ ಅಂತ ಅಬ್ಬಾ ಹೇಳಿದ್ರು!"

"ನಿಕಾದಾಗ ನಿನಗ ಮೆಹರ್ ಕೊಡಾಕ ಇಟ್ಟಿದ್ದೆ. ಹೋಗ್ಲಿ. ಈಗ ಮೂರಾಗಾಕ ಬಂತು. ಬಸ್ ಕಾಯ್ತಿಯೋ, ಬೈಕ್ ಹತ್ತತಿಯೋ?"

ಮೆಹರ್... ಮದುವೆಯಲ್ಲಿ ಗಂಡು ಹೆಣ್ಣಿಗೆ ಕೊಡಲೇಬೇಕಾದ ಹಣ! ದಿಲನಾಜ ಕಾರ್ಡನ್ನು ಎದೆಗವಚಿಕೊಂಡು ಬೈಕ್ ಹತ್ತಿದಳು, ನಡುವೆ ಬ್ಯಾಗು ಇಟ್ಟು.

ಹೆದ್ದಾರಿಯ ಗಾಳಿಯಲ್ಲಿ ಅವನ ಅಂಗಿಯಿಂದ ಮೆಣಸಿನಕಾಯಿ ವಾಸನೆ ಬರುತ್ತಿತ್ತು. ಅಮ್ಮಿಯ ಸೀರೆಯ ವಾಸನೆಯೂ ಇದೇ. ಸಿಟ್ಟು ಹಿಡಿದಿಟ್ಟುಕೊಳ್ಳಬೇಕಾದ ಹೊತ್ತಿಗೆ ಇದೊಂದು ಕಾಟ!

"ನೀ ಮುಂಜಾನೆ ಕೇಳಿದ್ದು ಖರೇ," ಅಂದ ಫಿರೋಜ್, ತಿರುಗದೇ. "ನರ್ಸಿಂಗ್‌ಗೆ ನಾಲ್ಕ ವರ್ಷದ್ದೂ ಒಂದು ಕೋರ್ಸ್ ಐತಿ ಅಂತ ನನಗ ಗೊತ್ತಿತ್ತು. ಬೇಕಂತನ ಒಂದ ವರ್ಷದ್ದು ಆರಿಸಿದೆ."

"ಬೈಕ್ ನಿಲ್ಸು!"

"ನಿಲ್ಸಾಂಗಿಲ್ಲ. ನಾಲ್ಕಕ್ಕ ಬಾಗಿಲ ಹಾಕ್ತಾರ. ಬೈಯೂದಿದ್ರ ಹಿಂಗ ಬೈ." ಗೇರು ಬದಲಿಸಿ ಮತ್ತೆ ಅಂದ: "ರೊಟ್ಟಿ ಬಡಸಾಕಲ್ಲ, ದಿಲನಾಜ. ನಾ ಎಸ್ಸೆಲ್ಸಿ ಫೇಲು. ನಾಲ್ಕ ವರ್ಷ ಕಲ್ತು ದೊಡ್ಡಾಕಿ ಆದ್ಮ್ಯಾಲೆ ಈ ಖಾರದ ಕೈಯಾಂವ ಒಲ್ಲೆ ಅಂತಿ ಅಂತ... ಹೆದರಿಕಿ ಆತು."

ಅವಳು ಬೈಯಲು ಬಾಯಿ ತೆರೆದಳು. ಬೈಗುಳದ ಬದಲು ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಹಾವೇರಿಯ ಕಾಲೇಜಿನ ಗುಮಾಸ್ತ ಕಾರ್ಡು ನೋಡಿ ಮುದ್ರೆ ಒತ್ತಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ದಿಲನಾಜ ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತಳು. ಫಿರೋಜ್ ದೂರವೇ ನಿಂತಿದ್ದ.

"ಆತೇನು?"

"ಆತು."

"ಇನ್ನೂ ಸಿಟ್ಟ ಐತೇನು?"

"ಐತಿ. ಬಾ, ಕುಂದ್ರು."

ಅವನು ಕಟ್ಟೆಯ ತುದಿಗೆ ಕೂತ.

"ಹೆದರಿಕಿ ಆದ್ರ ನನಗ ಹೇಳ್ಬೇಕು. ನನ್ನ ಟ್ರಂಕ್‌ನ್ಯಾಗ ಕೈ ಹಾಕ್ಬಾರದು."

"ತಪ್ಪಾತು. ಇನ್ನ ಎಲ್ಲಾ ನಿನ್ನ ಕೇಳೇ ಮಾಡ್ತೇನಿ."

"ಹಂಗಾರ ಕೇಳು. ನನ್ನ ಮೆಹರ್ ಏನಂತ ನಾ ಈಗ ಹೇಳ್ತೇನಿ. ರೊಕ್ಕಾ ಬ್ಯಾಡ, ಬಂಗಾರ ಬ್ಯಾಡ. ನಾಲ್ಕ ವರ್ಷ ಬೇಕು. ನೀ ನನಗಾಗಿ ಕಾಯೋ ನಾಲ್ಕ ವರ್ಷ."

ಫಿರೋಜ್ ಅವಳ ಮುಖವನ್ನೇ ನೋಡಿದ. "ಉಧಾರಿ ನಡೀತೈತೇನು?"

"ನಡ್ಯಾಂಗಿಲ್ಲ. ನಗದು. ಇವತ್ತಿಂದನ ಚಾಲೂ." ಅವಳ ತುಟಿಯ ತುದಿ, ಬೇಡವೆಂದರೂ ಕೇಳದೆ, ಅಲುಗಿತು. "ಲಗೂ ಹೂಂ ಅನಬ್ಯಾಡ ಮತ್ತ. ಮೊದಲ ಚೀಲದ ತಳಾ ನೋಡಿ ಹೇಳು. ತಳದ ಮಟ ಖಾರನ ಐತಿ."

"ಮುಂಜಾನಿಂದ ಅದನ್ನ ನೋಡಾಕತ್ತೇನಿ," ಅಂದ ಫಿರೋಜ್. "ಕಬೂಲ್."