ಬೀಗದ ಬೆನ್ನು

ಬೀಗ ಸರಿಯಾಗಿಯೇ ಇತ್ತು. ವಾರದ ರಜೆ ಮುಗಿದ ಬೆಳಿಗ್ಗೆ ಅಪ್ಪನ ಅಂಗಡಿ ತೆರೆಯಲು ಬಂದ ಮಗಳು ಕೀ ತೂರಿಸಿ ತಿರುಗಿಸಿದಳು. ಎಂದಿನಂತೆ ಕಟಕ್ಕೆಂದು ಬಿಚ್ಚಿಕೊಂಡಿತು. ಕಬ್ಬಿಣದ ಬಾಗಿಲು ತಳ್ಳಿ ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಮೇಜಿನ ಮೇಲೆ ನಾಲ್ಕು ತಿರುಪಿನ ತೂತುಗಳು ಮಾತ್ರ ಉಳಿದಿದ್ದವು. ಕೀ ಕತ್ತರಿಸುವ ಹೊಸ ಯಂತ್ರ ಮಾಯ!

ಬೀಗ ಮಾಡುವವರ ಅಂಗಡಿಯಲ್ಲೇ ಕಳ್ಳತನ. ಇಡೀ ಬೀದಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿತು.

ನಾಲ್ಕನೆಯ ದಿನ ವಿಮಾ ಕಂಪನಿಯಿಂದ ನಷ್ಟ ಪರಿಶೀಲಿಸುವ ಸರ್ವೇಯರ್ ಬಂದಳು. ಮನೆ ಬಿಡುವಾಗ ಬೀಗ ಜಗ್ಗಿ ನೋಡಿ, ಮೆಟ್ಟಿಲಿಳಿದು, ಮನಸ್ಸು ತಡೆಯದೆ ಮತ್ತೆ ಹತ್ತಿ ಜಗ್ಗಿ ನೋಡುವ ಹೆಂಗಸು. ವರದಿಯಲ್ಲಿ ಒಂದು ಪದ ಹೆಚ್ಚುಕಡಿಮೆಯಾದರೆ ಯಾರದೋ ಬದುಕು ಏರುಪೇರಾಗುತ್ತದೆ ಎಂಬ ದಿಗಿಲು ಅವಳಿಗೆ.

"ಬೀಗ ಒಡೆದಿದ್ರಾ?" ಎಂದು ಕೇಳಿದಳು.

"ಒಡೆಯೋದಾ? ನನ್ನ ಬೀಗಾನಾ?" ಬೀದಿಯವರೆಲ್ಲ ಬೀಗದಜ್ಜ ಎಂದು ಕರೆಯುವ ಮುದುಕ ಎದೆ ಸೆಟೆಸಿದ. "ಹನ್ನೆರಡು ವರ್ಷದಿಂದ ಆ ಬಾಗಿಲಿಗೆ ಅದೇ ಬೀಗ ಮೇಡಂ. ನನ್ನ ಅಂಗಡೀಲೇ ಮಾಡಿದ್ದು. ಅದನ್ನ ಒಡೆಯೋನು ಇನ್ನೂ ಹುಟ್ಟಿಲ್ಲ. ಹಾಗೇ ಬರ್ಕೊಳ್ಳಿ."

"ಅಪ್ಪಾ, ಸ್ವಲ್ಪ ಸುಮ್ನಿರ್ತೀಯಾ?" ಮಗಳು ಹಲ್ಲು ಕಚ್ಚಿದಳು. "ಅವ್ರು ಹಾಗೆ ಬರ್ಕೊಂಡ್ರೆ ನಮ್ಮ ಕಥೆ ಮುಗೀತು."

ಮಗಳು ಹೇಳಿದ್ದು ನಿಜ. ಕಳ್ಳ ಬಲ ಉಪಯೋಗಿಸಿ ಒಳಗೆ ಬಂದ ಗುರುತು ಇದ್ದರೆ ಮಾತ್ರ ಪರಿಹಾರ ಎಂದು ಪಾಲಿಸಿಯ ಆರನೆಯ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು. ಮನೆಯವರೇ ಕೀ ಹಾಕಿ ತೆಗೆದಿದ್ದರಂತೂ ಕ್ಲೇಮಿನ ಮಾತೇ ಇಲ್ಲ.

"ಕಳ್ಳತನಕ್ಕೆ ಅಂತಲೇ ಕಂತು ಕಟ್ಟಿದ್ದು," ಎಂದಳು ಮಗಳು. " ಕಳ್ಳತನ ಆದ್ರೂ ಬರಲ್ವಾ?"

"ಎಲ್ರೂ ಕೇಳೋ ಪ್ರಶ್ನೆ ಅಮ್ಮ ಇದು. ಒಡೆದು ನುಗ್ಗೋ ಕನ್ನ ಬೇರೆ, ಸುಮ್ನೆ ಎತ್ಕೊಂಡು ಹೋಗೋ ಕಳವು ಬೇರೆ. ನೀವು ತಗೊಂಡಿರೋದು ಕನ್ನದ ಪಾಲಿಸಿ." ಸರ್ವೇಯರ್ ಪದಗಳನ್ನು ತೂಗಿ ತೂಗಿ ಆಡಿದಳು. "ಈ ಬೀಗಕ್ಕೆ ಕೀ ಎಷ್ಟಿವೆ?"

"ಎರಡು. ಒಂದು ನನ್ನ ಹತ್ರ. ಇನ್ನೊಂದು—" ಮಗಳು ತಡವರಿಸಿ ಗಂಡನ ಕಡೆ ನೋಡಿದಳು. "ಇವ್ರ ಹತ್ರ."

ಅಳಿಯ ಬಸ್ ಚಾಲಕ. ಅದೇ ಖಾಕಿ ಅಂಗಿಯಲ್ಲಿ ಮೂಲೆ ಹಿಡಿದು ನಿಂತಿದ್ದ. "ನಾಲ್ಕು ದಿನದಿಂದ ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ ಮೇಡಂ. ಊಟಕ್ಕೆ ಕೂತಾಗ ಉಪ್ಪು ಬೇಕಾದ್ರೂ ಗೋಡೇನ ಕೇಳ್ತಾರೆ."

"ಬೀಗ ಸುಳ್ಳು ಹೇಳಲ್ಲ," ಎಂದ ಅಜ್ಜ, ಗೋಡೆಗೇ. "ಬೀಗ ಮುರಿದಿಲ್ಲ ಅಂದ್ಮೇಲೆ ಕೀ ಇದ್ದೋನೇ ತೆಗೆದಿದ್ದು."

ಮಗಳ ಕಣ್ಣು ತುಂಬಿತು. "ಯಂತ್ರ ಹೋದ್ರೆ ಹೋಗ್ಲಿ ಮೇಡಂ. ಇವ್ರ ತಲೆ ಮೇಲೆ ಕಳ್ಳ ಅನ್ನೋ ಹೆಸರು ಕೂರಬಾರ್ದು."

ಅಷ್ಟರಲ್ಲಿ ಎದುರಿನ ಅಂಗಡಿಯವನು ಬೀದಿ ದಾಟಿ ಬಂದ. 'ಐದೇ ನಿಮಿಷದಲ್ಲಿ ಕೀ' ಎಂಬ ಬೋರ್ಡು ಅವನದು; ಹೆಸರೂ ಐದ್ನಿಮಿಷ ಎಂದೇ ಬಿದ್ದುಹೋಗಿತ್ತು. ಒಂದು ಕಾಲದಲ್ಲಿ ಬೀಗದಜ್ಜನ ಶಿಷ್ಯ.

"ವಾರದ ರಜೆ ದಿನ ಪೂರ್ತಿ ಬೀಗ ನೇತಾಡ್ತಾನೇ ಇತ್ತು, ಕಣ್ಣಾರೆ ನೋಡಿದ್ದೀನಿ," ಎಂದ. "ಬೀಗ ಮುರಿದಿಲ್ಲ ಅಂದ್ರೆ ಕಂಪನಿ ಕೈ ಎತ್ತಿಬಿಡುತ್ತೆ. ಅಲ್ವಾ ಮೇಡಂ? ನಿಮಗೆ ಹೇಳಿಕೊಡ್ಬೇಕಾ?"

ಸರ್ವೇಯರಿಗೆ ಅವನ ಮುಖ ಥಟ್ಟನೆ ನೆನಪಾಯಿತು. ಹೋದ ವರ್ಷ ಅವನ ಅಂಗಡಿಯಲ್ಲೂ ಕಳವಾಗಿತ್ತು. ಶಟರ್ ಎಳೆದು ಬೀಗ ಹಾಕುವುದನ್ನೇ ಮರೆತಿದ್ದ. 'ಬಲಪ್ರಯೋಗದ ಗುರುತಿಲ್ಲ' ಎಂದು ಬರೆದವಳು ಇವಳೇ. ಆ ವಾರವೆಲ್ಲ ಅವಳಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಅವಳು ಕಳವಾದ ಸಾಮಾನಿನ ಪಟ್ಟಿ ತೆಗೆದಳು. ಯಂತ್ರ. ಖಾಲಿ ಕೀಗಳ ಡಬ್ಬಿ. ಮಾದರಿ ಬೀಗ ಒಂದು.

"ಈ ಮಾದರಿ ಬೀಗ ಯಾವುದು?"

"ಗಿರಾಕಿಗಳು ಕೈಯಲ್ಲಿ ಹಿಡಿದು ನೋಡ್ಲಿ ಅಂತ ಕೌಂಟರ್ ಮೇಲೆ ಇಟ್ಟಿದ್ದು. ಬಾಗಿಲಿನ ಬೀಗದ ಅವಳಿ. ಕೀ ಸಹ ಒಂದೇ. ಬೇರೆ ಬೇರೆ ಕೀ ಯಾಕೆ ಅಂತ ಅಪ್ಪನೇ ಹಾಗೆ ಮಾಡಿದ್ದು. ಬಿಡಿ ಮೇಡಂ, ಯಂತ್ರದ ಮುಂದೆ ಅದೇನು ಮಹಾ?"

ಸರ್ವೇಯರ್ ಬಿಡಲಿಲ್ಲ. ಕೀ ಇಲ್ಲದ ಬೀಗ ಕಳ್ಳನಿಗೆ ಯಾಕೆ?

ಎದ್ದು ಬಾಗಿಲ ಬಳಿ ಹೋದಳು. ಹಸಿರು ಬಣ್ಣದ ಮೇಲೆ, ಬೀಗ ನೇತಾಡುವ ಜಾಗದಲ್ಲಿ, ಅರ್ಧಚಂದ್ರದಂತೆ ಒಂದು ಸವೆದ ಗೆರೆ. ಅದರ ಸುತ್ತ ಸಾಸಿವೆಗಿಂತ ಸಣ್ಣ ಕಂದು ಚುಕ್ಕಿಗಳು.

"ನೊಣ ಕೂತಿದ್ದಿರ್ಬೇಕು," ಎಂದಳು ಮಗಳು.

ಸರ್ವೇಯರ್ ಕರವಸ್ತ್ರದಿಂದ ಉಜ್ಜಿದಳು. ಹೋಗಲಿಲ್ಲ. ಬೆರಳಿಗೆ ಮರಳಿನ ಹಾಗೆ ತರಿತರಿ.

"ಅಜ್ಜಾ, ಕಳ್ಳತನ ಆದ್ಮೇಲೆ ಈ ಬೀಗ ಕೈಯಲ್ಲಿ ಹಿಡಿದು ನೋಡಿದ್ರಾ?"

"ನಾನ್ಯಾಕೆ ನೋಡ್ಲಿ? ನನ್ನ ಬೀಗದ ಮೇಲೆ ನನಗೇ ಅನುಮಾನಾನಾ?"

"ಪೊಲೀಸರು?"

"ಜಗ್ಗಿದ್ರು. ಗಟ್ಟಿ ಇದೆ ಅಂದ್ರು. ಹೋದ್ರು."

"ಈಗ ಹಿಡ್ಕೊಳ್ಳಿ. ಬೆನ್ನು ಸವರಿ ನೋಡಿ."

ಮುದುಕ ಒಲ್ಲದ ಮನಸ್ಸಿನಿಂದ ತೆಗೆದುಕೊಂಡ. ಹೆಬ್ಬೆರಳು ಬೀಗದ ಬೆನ್ನ ಮೇಲೆ ಒಮ್ಮೆ ಹೋಯಿತು, ಒಮ್ಮೆ ಬಂತು. ಮುಖದ ಬಣ್ಣ ಬದಲಾಯಿತು.

"ಇದು... ಸವೆದೇ ಇಲ್ಲ."

"ಹೌದು. ಹನ್ನೆರಡು ವರ್ಷ ಬಾಗಿಲಿಗೆ ಉಜ್ಜಿ ಉಜ್ಜಿ ಕಬ್ಬಿಣದ ಮೇಲೆ ಗೆರೆ ಬಿದ್ದಿದೆ. ಉಜ್ಜಿದ ಬೀಗದ ಬೆನ್ನು ಸವೆಯದೆ ಇರುತ್ತಾ? ಇದರ ಬೆನ್ನ ಮೇಲಿನ ನಿಮ್ಮ ಅಂಗಡಿ ಮುದ್ರೆ ನಿನ್ನೆ ಹೊಡೆದ ಹಾಗಿದೆ. ಇದು ಬಿಸಿಲು ಕಂಡ ಬೀಗ ಅಲ್ಲ ಅಜ್ಜಾ. ಇದು ಕೌಂಟರ್ ಮೇಲಿದ್ದ ಮಾದರಿ."

ಅವಳು ಬಾಗಿಲಿನ ಕಂದು ಚುಕ್ಕಿಗಳತ್ತ ಬೆರಳು ಮಾಡಿದಳು.

"ಕಳ್ಳ ರಜೆ ದಿನ ಬಂದ. ಕಟಿಂಗ್ ಮಷಿನ್ ಹಿಡಿದು ಬಾಗಿಲಿನ ಬೀಗ ಕತ್ತರಿಸಿದ. ಆ ಕಿಡಿಗಳೇ ಬಣ್ಣಕ್ಕೆ ಅಂಟಿ ಈಗ ತುಕ್ಕು ಹಿಡಿದಿವೆ, ನೊಣದ್ದಲ್ಲ. ಯಂತ್ರ ಎತ್ಕೊಂಡ. ಹೋಗುವಾಗ ಕತ್ತರಿಸಿದ ಬೀಗಾನೂ ತಗೊಂಡು, ಮಾದರಿ ಬೀಗಾನ ಬಾಗಿಲಿಗೆ ಸಿಕ್ಕಿಸಿ ಒತ್ತಿದ. ಒತ್ತೋಕೆ ಕೀ ಬೇಡ. ಬೆಳಿಗ್ಗೆ ನಿಮ್ಮ ಕೀಗೆ ಅದು ತೆರೆಯುತ್ತೆ, ಮುರಿದ ಗುರುತು ಇರಲ್ಲ, ಕ್ಲೇಮ್ ಬರಲ್ಲ, ಅನುಮಾನ ಮನೆಯವರ ಮೇಲೆ. ಇಷ್ಟೆಲ್ಲ ಲೆಕ್ಕ ಹಾಕಬೇಕಾದ್ರೆ ಎರಡು ವಿಷಯ ಗೊತ್ತಿರಬೇಕು. ಎರಡು ಬೀಗಕ್ಕೂ ಒಂದೇ ಕೀ ಅನ್ನೋದು. ಅದು ಇಲ್ಲಿ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು. ಮತ್ತೆ ನಮ್ಮ ಪಾಲಿಸಿಯ ಆರನೇ ಪುಟ. ಅದನ್ನ ನಷ್ಟ ಅನುಭವಿಸಿದೋರು ಮಾತ್ರ ಓದ್ತಾರೆ."

ಎಲ್ಲರ ಕಣ್ಣುಗಳೂ ಐದ್ನಿಮಿಷನ ಕಡೆ ತಿರುಗಿದವು.

"ಬಾಯಿಗೆ ಬಂದಂಗೆ ಮಾತಾಡ್ಬೇಡಿ!" ಅವನು ಒಂದು ಹೆಜ್ಜೆ ಹಿಂದಿಟ್ಟ. "ಸಾಕ್ಷಿ ಎಲ್ಲಿದೆ?"

ಸರ್ವೇಯರಿನ ಕೈಯಲ್ಲಿ ಸಾಕ್ಷಿ ಇರಲಿಲ್ಲ. ಆದರೆ ಅವಳು ಬೆಳಗಿನಿಂದ ಆ ಬೀದಿಯ ಜನರನ್ನು ಗಮನಿಸುತ್ತಿದ್ದಳು. ಪೆನ್ನು ತೆಗೆದು, ಗಟ್ಟಿಯಾಗಿ ಓದಿಕೊಳ್ಳುತ್ತ ಬರೆಯತೊಡಗಿದಳು: "ಬಾಗಿಲಿಗೆ ಇದ್ದದ್ದು ಸಾಧಾರಣ ಬೀಗ. ಯಾರು ಬೇಕಾದರೂ ಒಂದೇ ಬ್ಲೇಡಿನಲ್ಲಿ, ಎರಡು ನಿಮಿಷದಲ್ಲಿ ಕತ್ತರಿಸಬಹುದಾದ—"

ಬೀಗದಜ್ಜನ ತಲೆ ಬಾಗಿತು.

"ಎರಡು ನಿಮಿಷಾನಾ?" ಐದ್ನಿಮಿಷ ಕಿಡಿಯಾದ. "ಯಾರಿಗೆ ಹೇಳ್ತೀರಿ ಸಾಧಾರಣ ಬೀಗ ಅಂತ? ಅದರ ಕೊಂಡೀನ ಬೆಂಕೀಲಿ ಕಾಯಿಸಿ ಹದ ಹಾಕಿದ್ದು ನಾನು! ಗುರುಗಳು ಪಕ್ಕದಲ್ಲಿ ನಿಂತು ಹಾಕಿಸಿದ್ದು! ಮೂರು ಬ್ಲೇಡ್ ಪುಡಿಯಾಯ್ತು, ಮೂರು! ತೋಳು ಬಿದ್ದುಹೋಯ್ತು—"

ನಾಲಿಗೆ ಕಚ್ಚಿಕೊಂಡ. ಕಾಲ ಮಿಂಚಿತ್ತು.

ಯಂತ್ರ ಅವನ ಅಂಗಡಿಯ ಅಟ್ಟದಲ್ಲಿ, ಗೋಣಿಚೀಲದ ಕೆಳಗೆ ಸಿಕ್ಕಿತು. ಒಂದು ಪಕ್ಕದ ಗಾಜು ಒಡೆದು, ವೈರು ಕಿತ್ತು ಬಂದಿತ್ತು. ಅದರ ಪಕ್ಕದಲ್ಲೇ ಬಟ್ಟೆಯಲ್ಲಿ ಸುತ್ತಿಟ್ಟ ಕತ್ತರಿಸಿದ ಬೀಗ.

"ಇದನ್ನ ಯಾಕೆ ಎಸೀಲಿಲ್ಲ?" ಎಂದಳು ಸರ್ವೇಯರ್.

"ಮನಸ್ಸು ಬರ್ಲಿಲ್ಲ," ಎಂದ ಅವನು, ನೆಲ ನೋಡುತ್ತ. "ನಂದು ಹೋದಾಗ ಯಾರೂ ಕೇಳ್ಲಿಲ್ಲ ಅನ್ನೋ ಹೊಟ್ಟೆಉರಿ ಮೇಡಂ. ಬೀಗದ ಮೇಲೆ ಏನೂ ಕೋಪ ಇರ್ಲಿಲ್ಲ."

"ರಿಪೇರಿಗಾದ್ರೂ ಪಾಲಿಸಿ ಬರುತ್ತಾ?" ಮಗಳು ಅಂಜುತ್ತಲೇ ಕೇಳಿದಳು.

"ಬರುತ್ತೆ. ಈಗ ಗುರುತು ಸಿಕ್ಕಿದೆಯಲ್ಲ."

ಬೀಗದಜ್ಜ ಕೊಂಡಿಯ ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದಿದ್ದ. ಒಂದು ಕಡೆ ಶುರುವಾಗಿ ಸೋತ ಗೆರೆ, ಅದರ ಪಕ್ಕ ಇನ್ನೊಂದು, ಆಮೇಲೆ ಕೊನೆಗೂ ಈಚೆಯಿಂದ ಆಚೆಗೆ ಹೋದದ್ದು. ತುಂಬ ಹೊತ್ತು ನೋಡಿದ. ಆಮೇಲೆ ಗೋಡೆಯ ಕಡೆ ತಿರುಗದೆ ನೇರವಾಗಿ ಅಳಿಯನ ಮುಂದೆ ಹೋಗಿ, ಬೀಗವನ್ನು ಅವನ ಕೈಗಿಟ್ಟ.

"ಹಿಡ್ಕೊಳಪ್ಪ. ಭಾರ ನೋಡು. ತಪ್ಪು ತಿಳ್ಕೊಂಡಿದ್ದೆ, ಮನಸ್ಸಿಗೆ ಹಚ್ಕೋಬೇಡ."

ಅಳಿಯ ತೂಗಿ ನೋಡಿದ. "ಭಾರವಾಗಿದೆ ಮಾವ," ಎಂದ.

ಮುದುಕ ಸರ್ವೇಯರಿನ ಕಡೆ ತಿರುಗಿ ಎದೆ ಸೆಟೆಸಿದ.

"ಆ ಸಾಧಾರಣ ಅನ್ನೋದನ್ನ ಹೊಡೆದುಹಾಕಿ ಮೇಡಂ. ಬರ್ಕೊಳ್ಳಿ. ಮೂರು ಬ್ಲೇಡ್."

ಕಂಪನಿಯ ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅವಳು ಅಂಚಿನಲ್ಲಿ ಬರೆದಳು, ದುಂಡಗಿನ ಅಕ್ಷರದಲ್ಲಿ. ಒಮ್ಮೆ ಓದಿ ನೋಡಿದಳು. ಎರಡನೆಯ ಸಲ ನೋಡಬೇಕೆನಿಸಲಿಲ್ಲ.