ಅಜ್ಜನ ಮೂರನೇ ಬಟನ್

“ಅಪ್ಪಾ, ಇದು! ಇದೇ ಬೇಕು! ಏಳು ಕಲರ್ ಲೈಟ್ ಅದಾವ ನೋಡು!”

ವರದಾ ಗಾಜಿನ ಕಪಾಟಿಗೆ ಮೂಗು ಹಚ್ಚಿ ನಿಂತಿದ್ದಳು. ಪುಣೆ ಕ್ಯಾಂಪಿನ ಆ ಅಂಗಡಿಯ ಗೋಡೆ ತುಂಬ ಕಾರ್ ಸ್ಟೀರಿಯೋಗಳು. ಎರಡೂವರೆ ಸಾವಿರದೊಳಗೆ ಯಾವುದಾದರೂ ಸರಿ, ಆರಿಸುವ ಕೆಲಸ ನಿನ್ನದು ಎಂದು ಅಪ್ಪ ಮೊದಲೇ ಹೇಳಿದ್ದ.

ಅಷ್ಟಕ್ಕೆ ಸಿಗುವಂಥವು ಎರಡೇ ಇದ್ದವು. ಒಂದು ಕರಿ ಡಬ್ಬಿಯಂಥದ್ದು, ಎರಡು ದಪ್ಪ ಗುಂಡಿ, ನೋಡಲು ತೀರಾ ಸಪ್ಪೆ. ಇನ್ನೊಂದರಲ್ಲಿ ಬ್ಲೂಟೂತ್, ಪೆನ್ ಡ್ರೈವ್, ಮೇಲಿಂದ ಬಣ್ಣ ಬದಲಿಸುವ ಲೈಟು. ಐದನೇ ಕ್ಲಾಸಿನ ಹುಡುಗಿ ಯಾವುದಕ್ಕೆ ಬೆರಳು ತೋರಿಸುತ್ತಾಳೆಂದು ಕೇಳಬೇಕೇ?

ಹೊರಗೆ ಯಾರೋ ಜೋರಾಗಿ ಹಾರ್ನ್ ಹೊಡೆದರು. ಕಾರನ್ನು ಬದಿಗೆ ಹಚ್ಚಲು ಅಪ್ಪ ಓಡಿದ. ಅಂಗಡಿಯ ದಿಗಂಬರ ಕಾಕಾ ವರದಾಳನ್ನೇ ಕೇಳಿದರು, “ಬಾಳಾ, ಹ್ಯಾತ ಎಎಮ್ ನಾಹೀ, ಫಕ್ತ ಎಫ್ಎಮ್. ಚಾಲೇಲ?”

ಇದರಲ್ಲಿ ಎಎಮ್ ಇಲ್ಲ, ಎಫ್ಎಮ್ ಅಷ್ಟೇ, ನಡೆಯುತ್ತದೆಯೇ ಎಂದು ಅವರ ಪ್ರಶ್ನೆ. ಎಎಮ್ ಅಂದರೇನೆಂದು ವರದಾಗೆ ಗೊತ್ತಿರಲಿಲ್ಲ. ಕೇಳಲು ನಾಚಿಕೆಯಾಯಿತು.

“ಚಾಲೇಲ, ಚಾಲೇಲ!” ಎಂದುಬಿಟ್ಟಳು.

ಅರ್ಧ ತಾಸಿನಲ್ಲಿ ಹೊಸದು ಕೂತಿತು. ಅಜ್ಜನ ಕಾಲದ ಹಳೆಯ ಸ್ಟೀರಿಯೋ ಅಂಗಡಿಯ ಗುಜರಿ ಬುಟ್ಟಿಗೆ ಹೋಯಿತು.

ಸಂಜೆ ಅಜ್ಜಿ ಕೆಳಗಿಳಿದು ಬಂದು ಕಾರಿನೊಳಗೆ ಇಣುಕಿದಳು. “ಭಾಳ ಚಂದ ಅದ. ಇದರಾಗ ನಮ್ಮ ಧಾರವಾಡ ರೇಡಿಯೋ ಬರ್ತದಲ್ಲ?”

“ಬರ್ತದ ಅಜ್ಜಿ, ಪ್ರಾಮಿಸ್!”

ಅಜ್ಜಿ ಸುಮ್ಮನೆ ಕೇಳಿರಲಿಲ್ಲ. ಈ ಕಾರು ಅಜ್ಜನದು. ಪ್ರತಿ ಸಲ ಊರಿಗೆ ಹೊರಟಾಗಲೂ ಕರಾಡ ದಾಟಿದ ಕೂಡಲೇ ಅಜ್ಜ ಸ್ಟೀರಿಯೋದಲ್ಲಿ ಧಾರವಾಡಕ್ಕೆ ಹೊಂದಿಸಿಟ್ಟ ಮೂರನೇ ಬಟನ್ ಒತ್ತುತ್ತಿದ್ದ. ಮೊದಮೊದಲು ಬರೀ ಸರ್‍ರ್ ಅನ್ನುವ ಸದ್ದು. ವರದಾ ಕಿವಿ ಮುಚ್ಚಿಕೊಂಡು “ಬಂದ್ ಮಾಡು ಅಜ್ಜಾ” ಅಂದರೆ, “ತಡಿ, ಬರ್ತದ” ಅನ್ನುತ್ತಿದ್ದ. ಆ ಸದ್ದಿನೊಳಗಿಂದ ಕನ್ನಡದ ಒಂದು ಮಾತು ಯಾರ ಕಿವಿಗೆ ಮೊದಲು ಬೀಳುತ್ತದೋ ಅವರು “ಕನ್ನಡ ಬಂತು!” ಎಂದು ಕೂಗಬೇಕು. ಗೆದ್ದವರಿಗೆ ಅಜ್ಜನ ಡಬ್ಬಿಯಿಂದ ಒಂದು ಪೆಪ್ಪರಮಿಂಟು.

ಗೆಲ್ಲುತ್ತಿದ್ದವಳು ಯಾವಾಗಲೂ ಅಜ್ಜಿಯೇ. “ಸುಳ್ಳ ಹೇಳ್ತಾಳ ಇಕಿ. ಇಕಿ ಕಿವಿಗೆ ಪುಣೆದಾಗ ಕುಂತರೂ ಕೇಳಸ್ತದ” ಎಂದು ಅಜ್ಜ ರೇಗಿಸುತ್ತಿದ್ದ. ಆಮೇಲೆ ಒಂದರ ಬದಲು ಎರಡು ಪೆಪ್ಪರಮಿಂಟು ಕೊಡುತ್ತಿದ್ದ.

ಈಗ ಅಜ್ಜ ಇಲ್ಲ. ಅವನು ಹೋಗಿ ವರ್ಷವಾಯಿತು. ತಿಥಿ ಮಾಡಲು ಅಪ್ಪ, ಅಜ್ಜಿ, ವರದಾ ಮೂವರೂ ಧಾರವಾಡಕ್ಕೆ ಹೊರಟಿದ್ದರು. ಅಮ್ಮ ರಜೆ ಸಿಗದೆ ಹಿಂದೆ ಉಳಿದಿದ್ದಳು.

ಕರಾಡ ದಾಟಿತು. ಹಿಂದಿನ ಸೀಟಿನಿಂದ ಅಜ್ಜಿ ಮುಂದಕ್ಕೆ ಬಾಗಿದಳು. “ವರದಾ, ಹಚ್ಚವಾ.”

ವರದಾ ಬಟನ್ ಒತ್ತಿದಳು. ಮರಾಠಿ ಹಾಡು. ಮತ್ತೆ ಒತ್ತಿದಳು. ಹಿಂದಿ ಜಾಹೀರಾತು. ಲೈಟು ಮಾತ್ರ ಕೆಂಪು, ಹಸಿರು, ನೀಲಿ ಎಂದು ಬದಲಾಗುತ್ತಲೇ ಇತ್ತು.

“ಅಪ್ಪಾ, ಧಾರವಾಡ ಎಲ್ಲೆ ಅದ?”

ಅಪ್ಪ ಸ್ಟೀರಿಯೋದ ಮೇಲೆ ಕಣ್ಣಾಡಿಸಿದ. “ಅಯ್ಯ... ಅದು ಎಎಮ್ ಮ್ಯಾಲೆ ಬರ್ತದವಾ. ಇದರಾಗ ಎಎಮ್ ಇದ್ದಂಗಿಲ್ಲ. ನಾನೂ ನೋಡಲೇ ಇಲ್ಲ.”

ವರದಾಗೆ ದಿಗಂಬರ ಕಾಕಾ ಕೇಳಿದ್ದು ನೆನಪಾಯಿತು. “ನಂಗ ಕೇಳಿದ್ದರು ಅಪ್ಪಾ. ನಾನೇ ನಡೀತದ ಅಂದೆ” ಎಂದವಳಿಗೆ ಅಳು ತಡೆಯಲಾಗಲಿಲ್ಲ.

“ಅಳಬ್ಯಾಡ. ಮೊಬೈಲ್‌ನಾಗ ಹಚ್ಚೋಣು” ಎಂದು ಅಪ್ಪ ಕಾರನ್ನು ಬದಿಗೆ ನಿಲ್ಲಿಸಿ ಫೋನಿನಲ್ಲಿ ಏನೋ ಹುಡುಕಿದ. ಒಂದೇ ನಿಮಿಷದಲ್ಲಿ ಧಾರವಾಡ ಬಂತು. ಒಂದು ಚೂರೂ ಸರ್‍ರ್ ಸದ್ದಿಲ್ಲದೆ, ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ವಚ್ಛ.

“ಕೇಳಸ್ತಲ್ಲ ಅವ್ವಾ?” ಎಂದ ಅಪ್ಪ, ಮತ್ತೆ ಕಾರು ಬಿಡುತ್ತ.

“ಹೂಂ. ಇದು ಪುಣೆದಾಗೂ ಬರ್ತದೇನೋ?”

“ಎಲ್ಲೆ ಬೇಕಾದರೂ ಬರ್ತದ.”

“ಹಂಗಾದರ ಊರು ಸಮೀಪ ಬಂತು ಅಂತ ಹೆಂಗ ಗೊತ್ತಾಗಬೇಕೋ?”

ಅಜ್ಜಿ ಕಿಟಕಿಯ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವರದಾಗೆ ಆ ಏಳು ಬಣ್ಣದ ಲೈಟನ್ನು ಕಿತ್ತು ಹೊರಗೆ ಎಸೆಯಬೇಕೆನ್ನಿಸಿತು.

ಎಸೆಯಲಿಲ್ಲ. ಮೊಬೈಲ್ ಬಂದ್ ಮಾಡಿದಳು. ಮತ್ತೆ ಎಫ್ಎಮ್ ಹಚ್ಚಿ, ಒಂದೊಂದೇ ಅಂಕಿ ಮುಂದೆ ಒತ್ತುತ್ತ ಹೋದಳು. ಹಾಡು ಹೋಯಿತು, ಜಾಹೀರಾತು ಹೋಯಿತು. ಯಾವ ಸ್ಟೇಷನ್ನೂ ಇಲ್ಲದ ಜಾಗವೊಂದು ಸಿಕ್ಕಿತು.

ಸರ್‍ರ್...

ಅಪ್ಪ ವರದಾಳನ್ನು ನೋಡಿದ. ಅಜ್ಜಿ ಮೆಲ್ಲಗೆ ತಿರುಗಿ, ಮೊದಲಿನಂತೆಯೇ ಮುಂದಕ್ಕೆ ಬಾಗಿ ಕಿವಿಗೊಟ್ಟಳು.

ವರದಾ ಸಣ್ಣ ದನಿಯಲ್ಲಿ ಕೇಳಿದಳು, “ಬಂದ್ ಮಾಡಲೇನ ಅಜ್ಜಿ?”

“ತಡಿ” ಎಂದಳು ಅಜ್ಜಿ. “ಬರ್ತದ.”

ಬರುವುದಿಲ್ಲವೆಂದು ವರದಾಗೆ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತು. ವರದಾ ಬಟನ್ ಮೇಲಿಂದ ಬೆರಳು ತೆಗೆದು, ಕೈ ಹಿಂದೆ ಚಾಚಿ ಅಜ್ಜಿಯ ಕೈ ಹಿಡಿದಳು. ನಿಪ್ಪಾಣಿ ಬರುವ ತನಕ ಮೂವರೂ ಆ ಸದ್ದನ್ನೇ ಕೇಳುತ್ತ ಹೋದರು.