ವರ್ಲಿನ್ ಆರಿಸಿದ ನಳಿಗೆ

ಮೇವಿಸ್ ಕ್ರೌಚಳ ಅಂಗಡಿಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಅಂಗಿಬಾಲಗಳು ಒಟ್ಟು ಹನ್ನೊಂದು. ಅವುಗಳಲ್ಲಿ ಏಳು ವರ್ಲಿನ್ ಸ್ಟಾಲ್ಡರನವು. ಜಿಂಕೆಗೆ ಗುರಿಯಿಟ್ಟು ತಪ್ಪಿದವನ ಅಂಗಿಯ ಹಿಂಬದಿಯನ್ನು ಕತ್ತರಿಸಿ, ಹೆಸರು ಇಸವಿ ಬರೆದು ಗೋಡೆಗೇರಿಸುವುದು ಓಹಾಯೋದ ನಮ್ಮ ಗುಡ್ಡಗಳ ಕಡೆ ಅಜ್ಜಂದಿರ ಕಾಲದಿಂದ ನಡೆದುಬಂದದ್ದು. ಒಂದು ಬಾಲ ಹೋದರೆ ನಗಬಹುದು, ಎರಡು ಹೋದರೂ ನಗಬಹುದು. ಏಳನೆಯದಕ್ಕೆ ವರ್ಲಿನನಿಗೆ ನಗು ಬರಲಿಲ್ಲ. ಅವನ ಹೆಂಡತಿ ನಡೀನಳಿಗೂ ಬರಲಿಲ್ಲ. "ಒಂದಂಗೀನೂ ಪ್ಯಾಂಟೊಳಗೆ ನಿಲ್ಲಲ್ಲ. ಚರ್ಚಲ್ಲಿ ಬಗ್ಗಬೇಡ ಮಾರಾಯ, ಹಿಂದಿನ ಬೆಂಚಿನವರಿಗೆ ಬೆನ್ನೆಲ್ಲ ಕಾಣುತ್ತೆ" ಅಂದಳು.

ಅದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ಕತ್ತರಿ ಹಿಡಿಯುವವನನ್ನು. ಏಳು ಸಲವೂ ಕತ್ತರಿ ಹಿಡಿದವನು ನಡೀನಳ ಅಣ್ಣ ಡ್ವೇನ್. ಬಾಲಗಳ ಪಕ್ಕದಲ್ಲೇ ಅವನ ಫೋಟೋ: ವರ್ಷದ ಅತಿ ದೊಡ್ಡ ಕೊಂಬು, ನಾಲ್ಕು ವರ್ಷದಿಂದ ಅವನದೇ. ಪ್ರತಿ ಫೋಟೋದಲ್ಲೂ ಹಲ್ಲು ಕೊಂಬಿಗಿಂತ ಹೆಚ್ಚು ಕಾಣುತ್ತಿತ್ತು.

ಆ ವರ್ಷದ ಶರತ್ಕಾಲದಲ್ಲಿ ವರ್ಲಿನನ ಹುಲ್ಲುಗಾವಲಿನ ಆಚೆ ಅಂಚಿನಲ್ಲಿ ಒಂದು ಗಂಡು ಜಿಂಕೆ ಕಾಣಿಸಿಕೊಂಡಿತು. ಹನ್ನೆರಡು ಕವಲು. ತಲೆಯ ಮೇಲೆ ಕುರ್ಚಿ ಮಗುಚಿಟ್ಟುಕೊಂಡ ಹಾಗೆ. ದಿನಾ ಬೆಳಿಗ್ಗೆ ಒಂದೇ ಜಾಗದಲ್ಲಿ ಬೇಲಿ ದಾಟುತ್ತಿತ್ತು, ಅವನ ಕೊಟ್ಟಿಗೆಯಿಂದ ನೂರಾ ಅರವತ್ತು ಹೆಜ್ಜೆ ದೂರದಲ್ಲಿ. ನಲವತ್ತು ಹೆಜ್ಜೆಗೇ ಕಣ್ಣು ಮುಚ್ಚಿಕೊಂಡು ಕೋವಿಯ ಕುದುರೆ ಎಳೆಯುವವನಿಗೆ ನೂರಾ ಅರವತ್ತೆಂದರೆ ಚಂದ್ರಲೋಕ.

ಆದರೆ ಕಾಲವಾದ ಚಿಕ್ಕಪ್ಪನ ರೈಫಲ್ ಒಂದಿತ್ತು. ನದಿಯಾಚೆ ವೆಸ್ಟ್ ವರ್ಜೀನಿಯಾದಲ್ಲಿ ಅದರಿಂದ ವರ್ಲಿನ್ ಒಂದೇ ಒಂದು ಗುಂಡನ್ನೂ ವ್ಯರ್ಥ ಮಾಡಿರಲಿಲ್ಲ. ಅಲ್ಲಿ ಸರಿ. ಇಲ್ಲಿ ಜಿಂಕೆಗೆ ರೈಫಲ್ ಎತ್ತುವುದು ಅಪರಾಧ. ಗುಂಡು ಗುಡ್ಡ ದಾಟಿ ಯಾರದೋ ಅಡುಗೆಮನೆ ಹೊಕ್ಕೀತೆಂದು. ಕೋವಿಯಲ್ಲೇ, ಎಂದರೆ ಶಾಟ್‌ಗನ್ನಿನಲ್ಲೇ ಹೊಡೆಯಬೇಕು, ಒಂಟಿ ಗುಂಡಿನ ತೋಟೆ ಹಾಕಿ. ಸಿಕ್ಕಿಬಿದ್ದರೆ ಚಿಕ್ಕಪ್ಪನ ರೈಫಲ್ಲೂ ಹೋಯಿತು, ಬೇಟೆಯ ಪರವಾನಗಿಯೂ ಹೋಯಿತು. ಡ್ವೇನನ ನಾಲಿಗೆಗೆ ಸಾಯುವ ತನಕ ಸಾಕಾಗುವಷ್ಟು ಮೇವೂ ಸಿಕ್ಕಿತು.

ಸಿಕ್ಕಿಬೀಳುವುದು ದಡ್ಡರು ಮಾತ್ರ ಎಂದು ವರ್ಲಿನ್ ತೀರ್ಮಾನಿಸಿದ. ಕೊಲೆಗಾರ ಮೊದಲು ಆಯುಧ ಹುಡುಕುತ್ತಾನೆ. ನಾನು ಮೊದಲು ಸಾಕ್ಷಿ ಹುಡುಕುತ್ತೇನೆ. ಸಾಕ್ಷಿ ಎಂದರೆ ಕೋವಿಯ ಹಳೆಯದನ್ನು ಬಿಚ್ಚಿ ಹಾಕುವಂಥ ಒಂದು ಹೊಸ ನಳಿಗೆ, ಇಡೀ ಊರೇ ನೋಡುತ್ತಿರುವಾಗ ಕೊಂಡದ್ದು.

ಯಾವ ನಳಿಗೆ? ಇದಕ್ಕೆ ಮೂರು ವಾರ ತಲೆ ಕೆಡಿಸಿಕೊಂಡ. ತನ್ನಲ್ಲಿದ್ದ ನುಣುಪು ನಳಿಗೆಯ ಗುಂಡು ಹೆಬ್ಬೆರಳು ತೂರುವಷ್ಟು ತೂತು ಮಾಡುತ್ತದೆ. ರೈಫಲ್ಲಿನ ತೂತು ಕಿರುಬೆರಳಿನದು. ಹೊಂದುವುದಿಲ್ಲ. ಒಳಗೆ ಸುರುಳಿ ಗೀರು ಕೊರೆದ ನಳಿಗೆ ಬೇರೆಯೇ ಜಾತಿ. ಅದಕ್ಕೆ ಹಾಕುವ ತೋಟೆಯಲ್ಲಿ ಸಣ್ಣ ಗುಂಡೊಂದು ಪ್ಲಾಸ್ಟಿಕ್ ಕುಪ್ಪಸ ತೊಟ್ಟು ಕೂತಿರುತ್ತದೆ. ಹೊರಬಿದ್ದೊಡನೆ ಕುಪ್ಪಸ ಕಳಚುತ್ತದೆ, ಗುಂಡು ಬುಗುರಿಯಂತೆ ತಿರುಗುತ್ತ ನೇರ ಹೋಗುತ್ತದೆ, ಕಿರುಬೆರಳಿನ ತೂತು ಮಾಡುತ್ತದೆ. ತೂತಿಗೂ ಉತ್ತರ, ದೂರಕ್ಕೂ ಉತ್ತರ. ಲೋಕವೆಲ್ಲ ಹೊಡೆಯುವುದಕ್ಕೆ ನಳಿಗೆ ಆರಿಸಿದರೆ ವರ್ಲಿನ್ ಹೊಡೆಯದೆ ಇರುವುದಕ್ಕೆ ಆರಿಸಿದ.

ಬೇಟೆ ಶುರುವಾಗುವ ಸೋಮವಾರಕ್ಕೆ ಎರಡು ದಿನ ಮುಂಚೆ, ಮೇವಿಸಳ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತನ್ನೇ ನೋಡಿ ಒಳಹೊಕ್ಕ. ಮುಕ್ಕಾಲು ಗಂಟೆ ತಗೊಂಡ. ಇಪ್ಪತ್ತು ಅಂಗುಲವೋ ಇಪ್ಪತ್ನಾಲ್ಕೋ? ಗುರಿಯ ದುರ್ಬೀನು ಕೂರಿಸುವ ಪಟ್ಟಿ ಕೋವಿಯ ಮೈಮೇಲಿರಬೇಕೋ, ನಳಿಗೆಯ ಬೆನ್ನ ಮೇಲೋ?

"ಚಿನ್ನಾ," ಅಂದಳು ಮೇವಿಸ್, "ನಡೀನಳನ್ನ ಆರಿಸೋಕೂ ಇಷ್ಟೊತ್ತು ತಗೊಂಡಿರಲಿಲ್ಲ ನೀನು."

"ಅದಕ್ಕೇ ಈ ಸಲ ಹುಷಾರಾಗಿದೀನಿ ಮೇವಿಸಮ್ಮ."

ಮಗಳ ಕೋವಿಗೂ ಒಂದು ನಳಿಗೆ ಕೊಂಡು, ಕಟ್ಟಿಕೊಡಲೆಂದು ಕಾಯುತ್ತ ಕಾಫಿ ಹೀರುತ್ತಿದ್ದ ಡ್ವೇನ್ ಹಿಂದಿನಿಂದ ಕೂಗಿದ: "ಭಾವ, ನಳಿಗೆ ಯಾವುದಾದ್ರೇನು? ಅದರ ಹಿಂದೆ ಇರೋದನ್ನ ಬದಲಾಯಿಸ್ಕೊ!"

ಅಂಗಡಿ ಗೊಳ್ಳೆಂದಿತು. ವರ್ಲಿನ್ ಒಳಗೊಳಗೇ ಸಂತೋಷಪಟ್ಟ. ನಗಲಿ, ಎಷ್ಟು ಜನ ನಗುತ್ತಾರೋ ಅಷ್ಟು ಸಾಕ್ಷಿ. ಕೊನೆಗೆ ತನ್ನ ಕೋವಿಯ ಅಳತೆಗೆ ಕೂರುವ ಹನ್ನೆರಡು ಬೋರಿನ, ಸುರುಳಿ ಗೀರಿನ, ಇಪ್ಪತ್ನಾಲ್ಕು ಅಂಗುಲದ್ದನ್ನು ಬೆರಳಿಟ್ಟು ತೋರಿಸಿದ. ಆಮೇಲೆ, ಇದು ಅವನಿಗೆ ನಿಂತ ನಿಲುವಿನಲ್ಲಿ ಹೊಳೆದ ಉಪಾಯ, ತನ್ನ ಹಳೆಯ ನಳಿಗೆಯನ್ನು ಗಾಡಿಯಿಂದ ತಂದು ಎಲ್ಲರೆದುರು ಕಟ್ಟೆಯ ಮೇಲಿಟ್ಟ. "ಇದನ್ನ ನೀನೇ ಇಟ್ಕೊ. ಏಳು ಅಂಗಿ ತಿಂದ ಪಾಪಿ ಇದು. ಇನ್ನು ನಾನು, ನನ್ನ ಹೊಸ ನಳಿಗೆ." ಕೆಲವರು ಚಪ್ಪಾಳೆಯನ್ನೂ ತಟ್ಟಿದರು. ಮೇವಿಸ್ ಒಂದು ಕೈಯಲ್ಲಿ ಕಾಫಿ ಬಗ್ಗಿಸುತ್ತಲೇ ಇನ್ನೊಂದು ಕೈಯಲ್ಲಿ ಉದ್ದನೆಯ ಡಬ್ಬಕ್ಕೆ ಹುರಿ ಕಟ್ಟಿ ಕೊಟ್ಟಳು.

ಸೋಮವಾರ ಎಲ್ಲವೂ ಅವನು ಬರೆದುಕೊಂಡಂತೆಯೇ ನಡೆಯಿತು. ಬೆಳಕು ಹರಿಯುತ್ತಿದ್ದಂತೆ ಸುತ್ತಲ ಗುಡ್ಡಗಳಲ್ಲೆಲ್ಲ ಢಂ ಢಂ ಶುರುವಾಯಿತು. ಆ ಗದ್ದಲದಲ್ಲಿ ಯಾರ ಸದ್ದು ಯಾರಿಗೆ ಗುರುತು? ಜಿಂಕೆ ಬೇಲಿಗೆ ಬಂದಿತು. ಒಂದೇ ಗುಂಡು. ನಿಂತಲ್ಲೇ ಮಡಚಿ ಬಿದ್ದಿತು. ಗುಂಡು ಮೈಯಿಂದ ಆಚೆ ಹಾದು ಹಿಂದಿನ ಮಣ್ಣುದಿಬ್ಬದಲ್ಲಿ ಹೂತುಹೋಯಿತು. ರೈಫಲ್ ಹುಲ್ಲಿನ ಹೊರೆಗಳಡಿಗೆ ಹೋಯಿತು. ಅದರ ತೋಟೆಯ ಖಾಲಿ ಚಿಪ್ಪು ಕಾಫಿ ಫ್ಲಾಸ್ಕಿನೊಳಕ್ಕೆ. ಅವನ ಜೇಬಿನಲ್ಲಿ ಸಿಡಿದ ಕೋವಿ ತೋಟೆಯೊಂದು ಮೊದಲೇ ಸಿದ್ಧವಿತ್ತು, ಹೋದ ವಾರ ಯಾರದೋ ಗುರಿಕಟ್ಟೆಯಲ್ಲಿ ಹೆಕ್ಕಿದ್ದು.

ಹೊಡೆದ ಜಿಂಕೆಯನ್ನು ತೂಗಿಸಿ ಮುದ್ರೆ ಹಾಕಿಸಬೇಕಾದ್ದೂ ಮೇವಿಸಳ ಅಂಗಡಿಯಲ್ಲೇ. ಗಾಡಿ ನಿಲ್ಲಿಸುತ್ತಿದ್ದಂತೆ ಜನ ಮುತ್ತಿದರು. ಬೇಟೆ ಕಾನೂನಿನ ವಾರ್ಡನ್ ಲೋವೆಲ್ ಬಗ್ಗಿ ತೂತಿನೊಳಗೆ ಕಿರುಬೆರಳಿಟ್ಟು ನೋಡಿದ.

"ಎಷ್ಟು ದೂರದಿಂದ ವರ್ಲಿನ್?"

"ನೂರಾ ಅರವತ್ತು ಹೆಜ್ಜೆ ಸಾರ್. ಹೊಸ ನಳಿಗೆ."

"ಅಬ್ಬಾ! ಎಷ್ಟು ಗುಂಡು?"

"ಒಂದೇ." ಜೇಬಿನ ತೋಟೆಯನ್ನು ಅಂಗೈಯಲ್ಲಿಟ್ಟು ತೋರಿಸಿದ. ಲೋವೆಲ್ ಬೆನ್ನು ತಟ್ಟಿದ. ಮೇವಿಸ್ ಕೊಂಬಿಗೆ ಟೇಪು ಹಿಡಿದು, ಡ್ವೇನನ ನಾಲ್ಕೂ ಇದರ ಮುಂದೆ ಮೇಕೆಮರಿಗಳೆಂದು ಸಾರಿದಳು.

ಕಾಗದ ಕೈಗೆ ಬಂದಿತು, ಮುದ್ರೆ ಬಿದ್ದಿತು. ಅಷ್ಟಕ್ಕೇ ಮನೆಗೆ ಹೋಗಿದ್ದರೆ ಆಗುತ್ತಿತ್ತು. ಆದರೆ ಡ್ವೇನ್ ಇನ್ನೂ ಬಂದಿರಲಿಲ್ಲ. ಡ್ವೇನ್ ನೋಡದ ಜಿಂಕೆಯನ್ನು ಹೊಡೆದರೇನು, ಬಿಟ್ಟರೇನು? ವರ್ಲಿನ್ ಕರಿದ ಬಲೋನಿ ಮಾಂಸದ ಸ್ಯಾಂಡ್‌ವಿಚ್ ಒಂದು ತಿಂದ, ಆಮೇಲೆ ಇನ್ನೊಂದು. ಬಂದ ಬಂದವರಿಗೆಲ್ಲ ಕತೆ ಹೇಳಿದ, ಹೇಳಿದ ಹಾಗೆ ಕತೆ ಕೊಬ್ಬಿತು. "ಆ ನಳಿಗೆ ಇದೆಯಲ್ಲ ಲೋವೆಲ್ ಸಾರ್, ಡಬ್ಬದಿಂದ ತೆಗೆದು ಕೋವಿಗೆ ಹಾಕಿದ್ದೇ ತಡ, ಮದುವೆ ಉಂಗುರದ ಹಾಗೆ ಟಕ್ ಅಂತ ಕೂತ್ಕೊಳ್ತು. ಅವತ್ತೇ ಗೊತ್ತಾಯ್ತು ನಂಗೆ."

ಮಧ್ಯಾಹ್ನದ ಹೊತ್ತಿಗೆ ಡ್ವೇನ್ ಬಂದ. ಜಿಂಕೆಯ ಕಡೆ ತಿರುಗಿಯೂ ನೋಡಲಿಲ್ಲ, ಹೊಗೆಯಾಡುವ ಮುಖದಲ್ಲಿ ನೇರ ಕಟ್ಟೆಗೆ ಹೋಗಿ ಉದ್ದನೆಯ ಡಬ್ಬವೊಂದನ್ನು ಧಡ್ಡೆಂದು ಕುಕ್ಕಿದ. "ಏನ್ ಮೇವಿಸ್ ಇದು? ನನ್ ಮಗಳ ಕೋವಿ ಇಪ್ಪತ್ತು ಬೋರು, ನೀನ್ ಕಟ್ಟಿಕೊಟ್ಟಿರೋದು ಹನ್ನೆರಡರದ್ದು! ಕೂರೋದೇ ಇಲ್ಲ. ಬೆಳಿಗ್ಗೆಯಿಂದ ಮರದ ಕೆಳಗೆ ಬರಿಗೈಲಿ ಕೂತು ನನ್ನ ಬೈತಿದಾಳೆ." ಮೇವಿಸ್ ಕನ್ನಡಕ ಏರಿಸಿ ಡಬ್ಬದೊಳಕ್ಕೆ ಇಣುಕಿದಳು, ಇಪ್ಪತ್ನಾಲ್ಕು ಅಂಗುಲ, ಸುರುಳಿ ಗೀರು, ಬೆನ್ನ ಮೇಲೆ ಪಟ್ಟಿ, ಮೇಲೆ ಅವಳದೇ ಕೈಬರಹದ ಚೀಟಿ: ವರ್ಲಿನ್. "ಅಯ್ಯೋ ನನ್ನ ಬುದ್ಧಿಗಿಷ್ಟು! ಶನಿವಾರದ ಗಲಾಟೇಲಿ ಡಬ್ಬ ಅದಲುಬದಲಾಗಿದೆ ಕಣೋ. ಇಪ್ಪತ್ತರದ್ದು ಇವನಿಗೆ ಹೋಗಿದೆ." ಹೊಡೆಯದ ನಳಿಗೆಯನ್ನು ಬಿಚ್ಚಿ ನೋಡುವುದೇಕೆಂದು ವರ್ಲಿನ್ ಬಿಟ್ಟಿದ್ದ ಡಬ್ಬ, ಕಟ್ಟಿದ ಹುರಿಯೂ ಸಡಿಲವಾಗದೆ, ಅವನ ಮಂಚದ ಕೆಳಗೆ ಹಾಯಾಗಿ ಮಲಗಿತ್ತು. ಮೇವಿಸ್ ಒಮ್ಮೆ ಕಟ್ಟೆಯ ಹಿಂದೆ ಒರಗಿದ್ದ ಅವನ ಹಳೆಯ ನಳಿಗೆಯನ್ನು ನೋಡಿದಳು, ಒಮ್ಮೆ ಡಬ್ಬದೊಳಗಿನ ಹೊಸತನ್ನು ನೋಡಿದಳು, ಆಮೇಲೆ ಕಪಟವೇ ಇಲ್ಲದ ಕಣ್ಣರಳಿಸಿ ಕೇಳಿದಳು: "ಹಾಗಾದ್ರೆ ಚಿನ್ನಾ, ನಳಿಗೆನೇ ಇಲ್ದಿರೋ ಕೋವೀಲಿ ಹೆಂಗ್ ಹೊಡ್ದೆ?" ಲೋವೆಲ್ ಕಾಫಿಯ ಲೋಟವನ್ನು ನಿಧಾನವಾಗಿ ಕೆಳಗಿಟ್ಟ.